ಮೀಸಲು ಟೆಂಡರ್‌ಗೆ ಮೊದಲ ಸಲ ಹೋಗುತ್ತಿದ್ದೇನೆ, ಅನುಭವ ಇದ್ದವರು ಹೇಳಿ

ಮದ್ದೂರು ಕಡೆಯವನು, ಪರಿಶಿಷ್ಟ ಜಾತಿ. ಸಿವಿಲ್ ಡಿಪ್ಲೊಮಾ ಮುಗಿಸಿ ಆರು ವರ್ಷ ಸೈಟ್ ಸೂಪರ್‌ವೈಸರ್ ಆಗಿದ್ದೆ. ಈಗ ಗುತ್ತಿಗೆದಾರನ ಲೈಸೆನ್ಸ್ ಬಂದಿದೆ, ಸಣ್ಣ ರಸ್ತೆ ಕೆಲಸ ಹಿಡಿಯಬೇಕು. ಪರಿಚಯದ ದೊಡ್ಡ ಗುತ್ತಿಗೆದಾರರೊಬ್ಬರು ‘ನಿನ್ನ ಹೆಸರಲ್ಲಿ ಟೆಂಡರ್ ಹಾಕೋಣ, ಕೆಲಸ ನಾನು ಮಾಡಿಸ್ತೀನಿ, ನಿನಗೆ ಎರಡು ಪರ್ಸೆಂಟ್’ ಅನ್ನುತ್ತಿದ್ದಾರೆ. ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ. ಏನು ಮಾಡಲಿ?

ಪಾಂಡವಪುರದಿಂದ:

ತಮ್ಮಾ, ಆ ಎರಡು ಪರ್ಸೆಂಟ್ ಬೇಡ. ನಾನು ಮೊದಲ ಕೆಲಸಕ್ಕೆ ಹಾಗೇ ಹೆಸರು ಕೊಟ್ಟಿದ್ದೆ. ಬಿಲ್ ದುಡ್ಡು ಬಂದದ್ದು ನನ್ನ ಖಾತೆಗೆ, ಆದರೆ ಅದಕ್ಕೆ ಮೊದಲೇ ಸಹಿ ಹಾಕಿದ ಖಾಲಿ ಚೆಕ್ ಇಸ್ಕೊಂಡಿದ್ದರು. ಒಂದೇ ಮಳೆಗೆ ರಸ್ತೆಯ ಅಂಚು ಕಿತ್ತು ಹೋಯಿತು, ನೋಟಿಸ್ ಬಂದದ್ದು ನನ್ನ ಮನೆಗೆ. ರಿಪೇರಿ, ಜಿಎಸ್‌ಟಿ ಎಲ್ಲ ನನ್ನ ತಲೆಗೆ. ಅವರು ಫೋನ್ ಎತ್ತಲಿಲ್ಲ.

ಕೆಟಿಪಿಪಿ ಅಂದರೆ ರಾಜ್ಯದ ಸರ್ಕಾರಿ ಟೆಂಡರ್‌ಗಳ ಕಾಯ್ದೆ. ಅದಕ್ಕೆ ತಿದ್ದುಪಡಿ ತಂದು ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪಂಗಡಕ್ಕೆ ಶೇ 6.95 ಮೀಸಲು ಇಟ್ಟರು. ಮೊದಲು 50 ಲಕ್ಷದವರೆಗಿನ ಕೆಲಸಕ್ಕೆ ಇತ್ತು, 2023ರಲ್ಲಿ ಒಂದು ಕೋಟಿಗೆ ಏರಿಸಿದರು. ನಮ್ಮ ಹುಡುಗರೂ ನಾಲ್ಕು ಜನಕ್ಕೆ ಕೂಲಿ ಕೊಡುವಂತಾಗಲಿ ಅಂತ ಬಂದ ಕಾನೂನು ಅದು. ಹೆಸರು ಬಾಡಿಗೆಗೆ ಕೊಟ್ಟರೆ ಕೆಲಸ ಮತ್ತೆ ಅವರ ಕೈಗೇ ಹೋಯಿತಲ್ವಾ?

ಚಿಕ್ಕದು ಹಿಡಿ. ನಾನೇ ನಿಂತು ಮಾಡಿಸಿದ ಮೊದಲ ಕೆಲಸ 9 ಲಕ್ಷದ ಸಿಸಿ ರಸ್ತೆ. ಕಬ್ಬು ಕಡಿಯುವ ಕಾಲ. ಕಾಂಕ್ರೀಟ್ ಮೇಲೆ ಗೋಣಿಚೀಲ ಹೊದಿಸಿ ನೀರು ಹಾಕುತ್ತಿದ್ದೆವು, ಮೂರನೇ ರಾತ್ರಿ ಯಾರೋ ಅಡ್ಡ ಇಟ್ಟ ಕಲ್ಲು ಸರಿಸಿ ಕಬ್ಬಿನ ಟ್ರ್ಯಾಕ್ಟರ್ ಹತ್ತಿಸಿಬಿಟ್ಟರು. ಎಂಟು ಅಡಿ ಅಂಚು ಮುರಿದಿತ್ತು. ಒಡೆದು ಮತ್ತೆ ಹಾಕಿಸಿದೆ, ಲಾಭ ಅರ್ಧ ಹೋಯಿತು. ಆ ರಸ್ತೆ ಇವತ್ತಿಗೂ ಬಿರುಕು ಬಿಟ್ಟಿಲ್ಲ. ಆ ಕಡೆ ಹೋದಾಗಲೆಲ್ಲ ಗಾಡಿ ನಿಲ್ಲಿಸಿ ನೋಡುತ್ತೇನೆ.

ದುಡ್ಡಿನ ವಿಷಯ. ನನಗೆ ಬಿಲ್ ಆಗಲು ಏಳು ತಿಂಗಳು ಹಿಡಿಯಿತು, ಅಷ್ಟು ದಿನ ತಡೆಯುವ ಶಕ್ತಿ ಇದೆಯಾ ಅಂತ ಲೆಕ್ಕ ಹಾಕಿಯೇ ರೇಟ್ ಹಾಕು, ಕೆಲಸ ಸಿಗಲಿ ಅಂತ ಸುಮ್ನೆ ಇಳಿಸಬೇಡ. ಎಂ.ಬಿ. (ಮಾಡಿದ ಕೆಲಸದ ಅಳತೆ ಪುಸ್ತಕ) ಬರೆಯುವ ದಿನ ಟೇಪ್ ಹಿಡಿದು ಪಕ್ಕದಲ್ಲೇ ಇರು. ಜಲ್ಲಿ, ಎಂ-ಸ್ಯಾಂಡ್ ಲೋಡಿನ ಪರ್ಮಿಟ್ ಒಂದೂ ಕಳೆಯಬೇಡ, ಇಲ್ಲದಿದ್ದರೆ ರಾಯಲ್ಟಿ ಅಂತ ಬಿಲ್‌ನಲ್ಲೇ ಹಿಡಿಯುತ್ತಾರೆ.

ಮೈಸೂರಿನಿಂದ:

ಅಣ್ಣ ಹೇಳಿದ್ದು ನಿಜ. ನನ್ನದು ಬಾಡಿಗೆ ಕಾರು, ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ಜೆಮ್ ಪೋರ್ಟಲ್‌ನಲ್ಲಿ (ಸರ್ಕಾರಿ ಖರೀದಿಯ ಆನ್‌ಲೈನ್ ತಾಣ) ಬಿಡ್ ಹಾಕಿ ಎರಡು ಗಾಡಿ ಬಿಟ್ಟಿದ್ದೇನೆ. ಸಣ್ಣ ಉದ್ಯಮ ಅಂತ ಮಾಡಿಸುವ ಉದ್ಯಮ್ ನೋಂದಣಿ ಇದ್ದದ್ದರಿಂದ ಇಎಂಡಿ, ಅಂದರೆ ಬಿಡ್ ಜೊತೆ ಇಡುವ ಠೇವಣಿ, ಕಟ್ಟಲಿಲ್ಲ, ನಮ್ಮಂಥವರಿಗೆ ಅದೇ ದೊಡ್ಡ ಉಸಿರು. ಕೇಂದ್ರದ ಖರೀದಿಯಲ್ಲಿ ಶೇ 25 ಸಣ್ಣ ಉದ್ಯಮಗಳಿಂದ ಕೊಳ್ಳಬೇಕು, ಅದರೊಳಗೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 4, ಹೆಂಗಸರಿಗೆ ಶೇ 3. ಆದರೆ ಇದು ಸಾಮಾನು, ಸೇವೆಗೆ ಮಾತ್ರ. ರಸ್ತೆ ಕೆಲಸಕ್ಕೆ ಇದನ್ನು ನಂಬಿಕೊಂಡು ಹೋಗಬೇಡಿ. ಉದ್ಯಮ್ ನೋಂದಣಿಗೆ ಒಂದು ಪೈಸೆ ಫೀಸಿಲ್ಲ, ನನ್ನ ಹತ್ತಿರ ಮಧ್ಯವರ್ತಿಯೊಬ್ಬ ಎರಡೂವರೆ ಸಾವಿರ ಕಿತ್ತುಕೊಂಡ. ಮತ್ತೆ ಗಾಡಿ ಎಷ್ಟು ಓಡಿತು ಅಂತ ಬರೆಯುವ ಲಾಗ್ ಬುಕ್‌ಗೆ ಅವತ್ತವತ್ತೇ ಸಹಿ ಹಾಕಿಸಿಕೊಳ್ಳಿ. ಒಂದು ತಿಂಗಳು ಬಿಟ್ಟಿದ್ದಕ್ಕೆ 640 ಕಿಲೋಮೀಟರ್‌ನ ದುಡ್ಡು ನನಗೆ ಬರಲೇ ಇಲ್ಲ.

ಕೇಳಿದವನು:

ಅಣ್ಣಾ, ಅಕ್ಕಾ, ತುಂಬಾ ಉಪಕಾರ. ಆ ದೊಡ್ಡ ಗುತ್ತಿಗೆದಾರರು, ಟೆಂಡರ್ ಹಾಕಲು ಬೇಕಾದ ನನ್ನ ಡಿಜಿಟಲ್ ಸಹಿಯ ಡಾಂಗಲ್ ‘ನಮ್ಮ ಆಫೀಸಲ್ಲೇ ಇರಲಿ’ ಅಂತ ಇಟ್ಟುಕೊಂಡಿದ್ದಾರೆ.

ಪಾಂಡವಪುರದಿಂದ:

ನಾಳೆ ಬೆಳಿಗ್ಗೆಯೇ ಹೋಗಿ ಇಸ್ಕೊ. ಕೊಡದಿದ್ದರೆ ಅದನ್ನು ರದ್ದು ಮಾಡಿಸಿ ಹೊಸದು ಮಾಡಿಸು. ಭಾನುವಾರ ಲ್ಯಾಪ್‌ಟಾಪ್ ತಗೊಂಡು ನಮ್ಮ ಮನೆಗೆ ಬಾ, ಕೆಪಿಪಿಪಿಯಲ್ಲಿ (ರಾಜ್ಯದ ಟೆಂಡರ್ ಪೋರ್ಟಲ್) ಮೊದಲ ಟೆಂಡರ್ ಇಬ್ಬರೂ ಕೂತು ಹಾಕೋಣ.