ಜಲ್ಲಿ ಏರಿನಲ್ಲಿ ಕ್ಯಾಂಪರ್ ಹತ್ತಿಸೋದು ಹೇಗೆ?

ಪ್ರಶ್ನೆ: ಟೆಂಪೋ ಟ್ರಾವೆಲರ್ ಒಳಗೆ ಮಂಚ, ಒಲೆ, 100 ಲೀಟರ್ ನೀರಿನ ಟ್ಯಾಂಕ್ ಕೂರಿಸಿದ್ದೇವೆ. ಮೂಡಿಗೆರೆ ಹತ್ತಿರ ಅತ್ತೆಯವರ ಕಾಫಿ ತೋಟ. ಗೇಟಿನಿಂದ ಮನೆವರೆಗೆ ಬರೀ ಜಲ್ಲಿ, ಕಡಿದಾದ ಏರು. ಕಳೆದ ವಾರ ಅರ್ಧ ದಾರಿಯಲ್ಲಿ ಹಿಂದಿನ ಚಕ್ರ ಸುಮ್ನೆ ತಿರುಗಿತು, ಜಲ್ಲಿ ಚಟಪಟ ಅಂತ ಕಾಫಿ ಗಿಡಕ್ಕೆ ಹಾರಿತು. ರಿವರ್ಸಲ್ಲಿ ಇಳಿಸಿದರೆ ಗೇಟಿನ ಹತ್ತಿರ ಹಿಂಬದಿ ಕರ್ರ್ ಅಂತ ನೆಲಕ್ಕೆ ಉಜ್ಜಿತು. ಅತ್ತೆ ಜಗಲಿಯಲ್ಲೇ ನಿಂತಿದ್ದರು!

ಉತ್ತರ 1: ಮಧ್ಯದಲ್ಲಿ ಗೇರ್ ಬದಲಿಸಿದಿರಿ, ಅಲ್ವಾ? ಕೆಳಗೇ ಫಸ್ಟ್ ಗೇರ್ ಹಾಕಿ ಒಂದೇ ಹದದಲ್ಲಿ ಹತ್ತಿಸಿ. ಚಕ್ರ ಜಾರಿದರೆ ಆಕ್ಸಿಲರೇಟರ್ ಬಿಡಿ. ಒತ್ತಿದಷ್ಟೂ ಗುಂಡಿ ತೋಡುತ್ತದೆ.

ಉತ್ತರ 2: ಟ್ಯಾಂಕ್ ಖಾಲಿ ಮಾಡಿದರೆ 100 ಕೆಜಿ ಇಳಿಯುತ್ತದೆ, ನಿಜ. ಆದರೆ ನಿಮ್ಮ ಗಾಡಿ ಎಳೆಯೋದು ಹಿಂದಿನ ಚಕ್ರದಿಂದ. ಟ್ಯಾಂಕ್ ಅದರ ಮೇಲಿದ್ದರೆ ಆ ಭಾರವೇ ಹಿಡಿತ ಕೊಡುತ್ತದೆ. ಉಜ್ಜೋದು ಬೇರೆ ಕತೆ. ಏರು ಶುರುವಾಗುವ ಮೂಲೆಯಲ್ಲಿ ಹಿಂದಿನ ಚಕ್ರದ ದಾರಿಗೆ ದಪ್ಪ ಹಲಗೆ ಇಡಿ, ಬಾಲ ಮೇಲೇಳುತ್ತದೆ.

ಉತ್ತರ 3: ಸಕಲೇಶಪುರದಿಂದ. ನಿಮ್ಮಲ್ಲಿ ಹೊಳೆಯ ಗುಂಡುಕಲ್ಲು ಹಾಕಿದ್ದಾರಾ? ಅದು ಉರುಳುತ್ತದೆ. ಒಡೆದ ಜಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಚಕ್ರ ಹೋಗುವ ಎರಡು ಪಟ್ಟಿಗೆ ಮಾತ್ರ ಕಾಂಕ್ರೀಟ್ ಹಾಕಿಸಿದೆವು. ಪಕ್ಕದಲ್ಲಿ ಚರಂಡಿ ಬೇಕೇ ಬೇಕು, ಇಲ್ಲದಿದ್ದರೆ ಜುಲೈ ಮಳೆಗೆ ಜಲ್ಲಿಯೆಲ್ಲ ಗೇಟಿನ ಹತ್ತಿರ ಬಂದು ಬೀಳುತ್ತದೆ.

ಪ್ರಶ್ನೆ ಕೇಳಿದವರು: ಹೌದು, ಗುಂಡುಕಲ್ಲೇ! ಇವತ್ತು ಹಲಗೆ ಇಟ್ಟು, ಫಸ್ಟ್ ಗೇರಲ್ಲೇ ಹತ್ತಿಸಿದೆ. ಒಮ್ಮೆ ಜಾರಿತು, ಆಮೇಲೆ ಸಲೀಸು. ಅತ್ತೆ ಕಾಫಿ ಕೊಟ್ಟು, "ಮುಂದಿನ ಸಲ ಜೀಪಲ್ಲಿ ಬನ್ನಿ" ಅಂದರು.