ನಾಲ್ಕಡಿ ಟ್ಯಾಂಕಿಗೆ ಮೂರು ಟ್ಯಾಂಗ್ ಆಗಲ್ಲ, ತಮ್ಮಾ

ತಮ್ಮಾ, ಈಗಷ್ಟೇ ನಿನ್ನ ಮೆಸೇಜ್ ನೋಡಿದೆ. ಟೈಪ್ ಮಾಡುತ್ತಾ ಕೂತರೆ ರಾತ್ರಿಯಾಗುತ್ತೆ, ಅದಕ್ಕೆ ಮಾತಾಡಿಯೇ ಕಳಿಸುತ್ತೇನೆ. ಸ್ವಲ್ಪ ಉದ್ದ ಆಗುತ್ತೆ. ಮೀನಿನ ಹುಚ್ಚು ಇಲ್ಲದವರು ಮುಂದೆ ಹೋಗಿ, ಬೇಜಾರಿಲ್ಲ.

ನೀನು ಕೇಳಿದ್ದು ಇಷ್ಟು, ಹೌದಿಲ್ಲೊ? ಧಾರವಾಡದ ಮನೆಯ ನಾಲ್ಕಡಿ ಉಪ್ಪುನೀರಿನ ಟ್ಯಾಂಕಿನಲ್ಲಿ ಯೆಲ್ಲೋ ಟ್ಯಾಂಗ್, ಅಂದರೆ ಹಳದಿ ಬಣ್ಣದ ಸಮುದ್ರದ ಮೀನು, ಒಂದಿದೆ. ದೀಪಾವಳಿಯಿಂದ ಆರಾಮಾಗಿದೆ. ಈಗ ಬೆಂಗಳೂರಿನ ಅಂಗಡಿಯವನು ಬ್ಲೂ ಟ್ಯಾಂಗ್, ಪೌಡರ್ ಬ್ಲೂ ಟ್ಯಾಂಗ್ ಎರಡೂ ಸೇರಿಸಿ ಕಡಿಮೆ ರೇಟಿಗೆ ಕೊಡುತ್ತಾನಂತೆ, ತರಿಸಲಾ ಅಂತ. ತರಿಸಬೇಡ. ಎರಡನ್ನೂ ಬೇಡ.

ಮೊದಲು ಜಾಗದ ಮಾತು. ನಿನ್ನ ಟ್ಯಾಂಕಿಗೆ ಸುಮಾರು 250 ಲೀಟರ್ ನೀರು ಹಿಡಿಯುತ್ತೆ. ಕಲ್ಲು, ಮರಳು ಕಳೆದರೆ ಇನ್ನೂ ಕಡಿಮೆ. ಅಂಗಡಿಯಲ್ಲಿ ಬ್ಲೂ ಟ್ಯಾಂಗ್ ಬೆರಳುದ್ದ ಇರುತ್ತೆ, ಚಂದ ಕಾಣುತ್ತೆ. ಅದು 30 ಸೆಂಟಿಮೀಟರ್ ತನಕ ಬೆಳೆಯುವ ಮೀನು. ಟ್ಯಾಂಗ್‌ಗಳು ದಿನವಿಡೀ ಈಜುತ್ತಾ, ಪಾಚಿ ಮೇಯುತ್ತಾ ಇರುವ ಜಾತಿ. ಲೀಟರ್ ಲೆಕ್ಕಕ್ಕಿಂತ ಅವಕ್ಕೆ ಗಾಜಿನ ಉದ್ದ ಮುಖ್ಯ. ಬ್ಲೂ ಬೇಕೇಬೇಕು ಅಂದರೆ ಆರಡಿ ಟ್ಯಾಂಕ್ ಮಾಡಿಸು, ಆಮೇಲೆ ಮಾತಾಡೋಣ.

ಇನ್ನು ಪೌಡರ್ ಬ್ಲೂ. ನೋಡೋಕೆ ಅದರಷ್ಟು ಚಂದದ್ದು ಇನ್ನೊಂದಿಲ್ಲ, ಒಪ್ಪುತ್ತೇನೆ. ನಮ್ಮ ಹಿಂದೂ ಮಹಾಸಾಗರದ್ದೇ ಮೀನು. ಮಾಲ್ಡೀವ್ಸ್ ಕಡೆ ಹಿಂಡು ಹಿಂಡಾಗಿ ಮೇಯುತ್ತೆ. ನೀನು ಕಳಿಸಿದ ವಿಡಿಯೋದಲ್ಲಿ ಇರುವುದೂ ಅದೇ. ಆದರೆ ಸಮುದ್ರದಲ್ಲಿ ಏಟು ತಿಂದದ್ದು ದೂರ ಓಡಿಹೋಗುತ್ತೆ. ನಿನ್ನ ಟ್ಯಾಂಕಿನಲ್ಲಿ ಎಲ್ಲಿಗೆ ಓಡಬೇಕು? ನಾಲ್ಕಡಿ ಆದಮೇಲೆ ಗಾಜು. ಪೌಡರ್ ಬ್ಲೂ ಮೊದಲೇ ಜಗಳಗಂಟ, ಅದರ ಮೇಲೆ ರೋಗಕ್ಕೂ ಬೇಗ ಸಿಗುತ್ತೆ.

ಜಗಳ ಅಂದರೆ ಸುಮ್ನೆ ಅಟ್ಟಾಡಿಸೋದು ಅಂದುಕೊಂಡಿದ್ದೀಯಾ? ಇವತ್ತು ನಿನ್ನ ಯೆಲ್ಲೋದ ಬಾಲದ ಬುಡ ನೋಡು. ಎರಡೂ ಪಕ್ಕ ಬಿಳಿ ಗೆರೆಯ ಹಾಗೆ ಒಂದು ಮುಳ್ಳಿದೆ. ಅದು ಆಪರೇಷನ್ ಚಾಕುವಿನಷ್ಟು ಹರಿತ, ಸರ್ಜನ್ ಫಿಶ್ ಅನ್ನೋದು ಅದಕ್ಕೇ. ಜಗಳಕ್ಕೆ ನಿಂತಾಗ ಮೈ ಅಡ್ಡ ಮಾಡುತ್ತೆ, ಮೇಲಿನ ಕೆಳಗಿನ ರೆಕ್ಕೆ ಪೂರ್ತಿ ಬಿಚ್ಚುತ್ತೆ, ಆಮೇಲೆ ಬಾಲ ಬೀಸುತ್ತೆ. ಹೊಸ ಮೀನಿನ ಪಕ್ಕೆಯ ಮೇಲೆ ಗೀರು ಬಿದ್ದಮೇಲೇ ನಮಗೆ ಗೊತ್ತಾಗೋದು. ಕ್ಲೀನ್ ಮಾಡುವಾಗ ನೀನೂ ಕೈ ಜೋಪಾನ.

ಹಾಗಂತ ಟ್ಯಾಂಗ್ ಒಂದೇ ಇರಬೇಕು ಅಂತೇನಿಲ್ಲ. ಮೈಯ ಆಕಾರ ಒಂದೇ ಥರ ಇದ್ದರೆ, ಊಟವೂ ಒಂದೇ ಆದರೆ, ಆಗ ಜಾಸ್ತಿ ಹೊಡೆದಾಟ. ಯೆಲ್ಲೋ ಜೊತೆ ಇನ್ನೊಂದು ಯೆಲ್ಲೋನೋ ಪರ್ಪಲ್ ಟ್ಯಾಂಗೋ ತಂದರೆ ಕಥೆ ಮುಗಿಯಿತು. ನಿನಗೆ ಎರಡನೆಯದು ಬೇಕೇ ಬೇಕು ಅಂದರೆ ಚಿಕ್ಕ ಟೊಮಿನಿ ಟ್ಯಾಂಗ್ ಕೇಳು. 15 ಸೆಂಟಿಮೀಟರ್ ಹತ್ತಿರಕ್ಕೆ ನಿಲ್ಲುತ್ತೆ, ಬಾಯಿ ಬ್ರಷ್ ಥರ, ಕಲ್ಲಿನ ಮೇಲಿನ ತೆಳು ಪಾಚಿ ಕೆರೆದು ತಿನ್ನುತ್ತೆ. ನಾಲ್ಕಡಿಗೆ ನಾನು ಒಪ್ಪುವುದು ಇಷ್ಟಕ್ಕೆ ಮಾತ್ರ. ಇದಕ್ಕೂ ಗ್ಯಾರಂಟಿ ಕೊಡಲ್ಲ, ಯಾಕಂದರೆ ಯೆಲ್ಲೋ ಮೊದಲೇ ಬಂದು ಮನೆ ತನ್ನದು ಮಾಡಿಕೊಂಡಿದೆ. ಮೂರೂ ಹೊಸದಾಗಿ ಒಂದೇ ದಿನ ದೊಡ್ಡ ಟ್ಯಾಂಕಿಗೆ ಇಳಿದಿದ್ದರೆ ಮಾತೇ ಬೇರೆ.

ಟೊಮಿನಿ ಬಂದಮೇಲೆ ಸೀದಾ ಒಳಗೆ ಬಿಡಬೇಡ. ಬೆಂಗಳೂರಿಂದ ರಾತ್ರಿ ಬಸ್ಸಿನಲ್ಲಿ ಬಂದ ಮೀನು ಮೊದಲೇ ಸುಸ್ತಾಗಿರುತ್ತೆ. ಬಿಳಿ ಚುಕ್ಕೆ ರೋಗ, ಅದೇ ಇಕ್, ಟ್ಯಾಂಗ್‌ಗಳಿಗೆ ಬೇಗ ಹತ್ತುತ್ತೆ. ಒಂದು ತಿಂಗಳು ಬೇರೆ ಟ್ಯಾಂಕಿನಲ್ಲಿಟ್ಟು ನೋಡು. ತಾಮ್ರದ ಔಷಧಿ ಹಾಕಬೇಕಾದರೂ ಅಲ್ಲೇ ಹಾಕು. ದೊಡ್ಡ ಟ್ಯಾಂಕಿಗೆ ಹಾಕಿದರೆ ಹವಳ, ಸೀಗಡಿ ಎಲ್ಲ ಸಾಯುತ್ತವೆ. ಒಮ್ಮೆ ಇಕ್ ಒಳಗೆ ಹೊಕ್ಕರೆ ಮೀನೆಲ್ಲ ಹೊರಗೆ ತೆಗೆದು 76 ದಿನ ಖಾಲಿ ಬಿಡಬೇಕು ಅಂತಾರೆ. ಯಾರಿಗೆ ಬೇಕು ಆ ಫಜೀತಿ?

ಬಿಡುವ ದಿನ ಕಲ್ಲುಗಳ ಜಾಗ ಬದಲಿಸು. ಯೆಲ್ಲೋಗೂ ಮನೆ ಹೊಸದಾಗಲಿ. ಟೊಮಿನಿಯನ್ನು ತೂತು ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಳಗೇ ನಾಲ್ಕು ದಿನ ಇಡು, ಒಂದನ್ನೊಂದು ನೋಡಿ ರೂಢಿಯಾಗಲಿ. ಆಮೇಲೆ ಲೈಟ್ ಆರಿಸಿ ಬಿಡು. ಯೆಲ್ಲೋ ಬೆನ್ನು ಹತ್ತಿದರೆ ಗಾಜಿನ ಹೊರಗೆ ಒಂದು ಕನ್ನಡಿ ಒರಗಿಸು. ಅದು ತನ್ನ ಬಿಂಬದ ಜೊತೆ ಕುಸ್ತಿ ಹಿಡಿಯುವಷ್ಟರಲ್ಲಿ ಹೊಸದು ಊಟ ಮಾಡಿರುತ್ತೆ. ನಗಬೇಡ, ನಿಜವಾಗಿ ಕೆಲಸ ಮಾಡುತ್ತೆ.

ಊಟ ಎರಡು ಮೂಲೆಯಲ್ಲೂ ಕೊಡು. ಉಪ್ಪು ಮಸಾಲೆ ಇಲ್ಲದ ನೋರಿ ಹಾಳೆ, ಅದೇ ಒಣಗಿಸಿದ ಸಮುದ್ರದ ಪಾಚಿ, ಆನ್‌ಲೈನ್‌ನಲ್ಲಿ ಸಿಗುತ್ತೆ, ಕ್ಲಿಪ್ಪಿಗೆ ಸಿಗಿಸು. ಹೊಟ್ಟೆ ತುಂಬಿದ್ದರೆ ಅರ್ಧ ಜಗಳ ಕಡಿಮೆ. ವೈನಿ, ನೀವೂ ಕೇಳಿಸಿಕೊಳ್ಳಿ, ಉಣಕಲ್ ಕೆರೆಗೆ ಹಾಕಿದ ಹಾಗೆ ಇದಕ್ಕೆ ಚುರುಮುರಿ ಹಾಕಬೇಡಿ. ಮತ್ತೆ ರಾತ್ರಿ ಮೀನಿನ ಬಣ್ಣ ಮಾಸಿ ನಡುವೆ ಬಿಳಿ ಪಟ್ಟಿ ಬರುತ್ತೆ ಅಂತ ಹೆದರಿದ್ದಿರಲ್ಲ, ಅದು ರೋಗ ಅಲ್ಲ. ಯೆಲ್ಲೋ ಮಲಗುವಾಗ ಹಾಗೇ ಆಗುತ್ತೆ.

ಬೇಸಿಗೆಗೆ ನೀರು ಆರಿ ಇಳಿದರೆ ಬರೀ ಆರ್‌ಓ ನೀರು ಹಾಕು, ಉಪ್ಪುನೀರು ಅಲ್ಲ. ಉಪ್ಪು ಆವಿಯಾಗಲ್ಲ, ಅಲ್ಲೇ ಉಳಿದಿರುತ್ತೆ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಕರೆಂಟ್ ಹೋದಾಗ ಬ್ಯಾಟರಿಯ ಏರ್ ಪಂಪ್ ಕೈಗೆ ಸಿಗುವ ಹಾಗೆ ಇಟ್ಟುಕೋ.

ಅಂಗಡಿಯವನಿಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೆ? ಕೊಟ್ಟಿದ್ದರೆ ಅದೇ ದುಡ್ಡಿಗೆ ಟೊಮಿನಿ ಕೊಡು ಅನ್ನು. ಅವನ ಟ್ಯಾಂಕಿನಲ್ಲಿ ಅದು ತಿನ್ನುವ ವಿಡಿಯೋ ಕಳಿಸಲಿ, ನೋಡಿ ಹೂಂ ಅನ್ನು. ಆ ಒಂದು ತಿಂಗಳು ಟೊಮಿನಿ ಇಡೋಕೆ ನನ್ನ ಹತ್ತಿರ ಎರಡಡಿ ಟ್ಯಾಂಕ್ ಖಾಲಿ ಬಿದ್ದಿದೆ. ಭಾನುವಾರ ಹುಬ್ಬಳ್ಳಿಗೆ ಬಂದು ಒಯ್ಯಿ. ಬೈಕ್ ಬೇಡ, ಅಪ್ಪನ ಕಾರು ತಾ.