ಕುಳಿತು ಎದ್ದಾಗ ಬಿಗಿಯುವ ಮಂಡಿ: ಆಪರೇಷನ್ ಆದವರು ಏನು ಮಾಡಿದಿರಿ?

ನಾಪೋಕ್ಲಿನಿಂದ, ನಿವೃತ್ತ ಶಿಕ್ಷಕಿ

ನನಗೆ 64 ವರ್ಷ. ಮೇ ಕೊನೆಯಲ್ಲಿ ಮೈಸೂರಿನಲ್ಲಿ ಎಡಗಾಲಿನ ಮಂಡಿ ಬದಲಾಯಿಸಿದರು. ಈಗ ಹನ್ನೊಂದನೆಯ ವಾರ. ಗಾಯ ಒಣಗಿದೆ, ವಾಕರ್ ಬಿಟ್ಟು ಕೋಲಿಗೆ ಬಂದಿದ್ದೇನೆ, ನಡೆಯುವಾಗ ಹೇಳಿಕೊಳ್ಳುವಂಥ ನೋವಿಲ್ಲ. ತೊಂದರೆಯೆಲ್ಲ ಕುಳಿತು ಏಳುವಾಗ. ಟಿ.ವಿ. ಮುಂದೆ ಅರ್ಧ ಗಂಟೆ ಕುಳಿತರೆ ಸಾಕು, ಮಂಡಿಯ ಸುತ್ತ ಯಾರೋ ಒದ್ದೆ ಹಗ್ಗ ಬಿಗಿದು ಕಟ್ಟಿದಂತಾಗುತ್ತದೆ. ಮೊದಲ ನಾಲ್ಕೈದು ಹೆಜ್ಜೆ ಬಾತುಕೋಳಿಯ ನಡಿಗೆ, ಆಮೇಲೆ ತಾನಾಗಿ ಸಡಿಲವಾಗುತ್ತದೆ. ಮಳೆ ಬಿಡುತ್ತಿಲ್ಲ, ಅಂಗಳ ಪಾಚಿ ಕಟ್ಟಿದೆ, ಹಾಗಾಗಿ ದಿನದ ಬಹುಪಾಲು ಕುಳಿತೇ ಕಳೆಯುತ್ತೇನೆ. 'ಒಳಗೆ ಕಬ್ಬಿಣ ಇಟ್ಟಿದ್ದಾರಲ್ಲ, ಥಂಡಿಗೆ ಬಿಗಿಯುತ್ತದೆ' ಎನ್ನುತ್ತಾರೆ ಪಕ್ಕದ ಮನೆಯವರು. ಇದು ಸರಿಹೋಗುವಂಥದ್ದೇ? ಎಷ್ಟು ದಿನ ಬೇಕು? ಅನುಭವ ಇದ್ದವರು ಹೇಳಿ.

ಗೋಣಿಕೊಪ್ಪಲು ಬಳಿಯಿಂದ, ಕಾಫಿ ಬೆಳೆಗಾರ, ಎರಡೂ ಮಂಡಿ ಬದಲಾದವರು

ಟೀಚರ್, ಆ ಕಬ್ಬಿಣದ ಮಾತನ್ನು ಮೊದಲು ಬಿಡಿ. ಸಾಮಾನ್ಯವಾಗಿ ಹಾಕುವುದು ಕೋಬಾಲ್ಟ್ ಮತ್ತು ಕ್ರೋಮಿಯಂ ಬೆರೆತ ಲೋಹ, ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ. ಮೈಯೊಳಗೆ ಅದಕ್ಕೆಲ್ಲಿಯ ಥಂಡಿ? ಬಿಗಿಯುವುದು ಅದರ ಸುತ್ತ ಇರುವ ನಮ್ಮದೇ ಮಾಂಸ. ಇಷ್ಟು ತಿಳಿಯಲು ನನಗೆ ಒಂದು ಮಂಡಿ ಪೂರ್ತಿ ಬೇಕಾಯಿತು. ಎರಡನೆಯದರ ಹೊತ್ತಿಗೆ ಬುದ್ಧಿ ಬಂದಿತ್ತು.

ಬಲಗಾಲಿನ ಆಪರೇಷನ್ ಆದಾಗ ಕೊಯ್ಲಿನ ಕಾಲ. ಆಪರೇಷನ್ ಆದವನ ಕೆಲಸ ಕುಳಿತಿರುವುದು ಎಂದುಕೊಂಡಿದ್ದೆ. ಕಣದ ಬದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕಾಫಿ ಹರಡುವುದನ್ನು ನೋಡುತ್ತಾ ಬೆಳಿಗ್ಗೆಯಿಂದ ಅಲ್ಲೇ ಕೂರುವುದು, ಕಾಫಿ ಅಲ್ಲಿಗೇ, ಊಟವೂ ಅಲ್ಲಿಗೇ. ಸಂಜೆ ಹಣ್ಣು ಅಳೆಯುವ ಹೊತ್ತಿಗೆ ಏಳಲು ಹೋದರೆ ಕಾಲು ನನ್ನದಲ್ಲ. ಕೆಲಸದವರೆಲ್ಲ ನೋಡುತ್ತಿರುವಂತೆ ತೋಟದ ಲೆಕ್ಕ ನೋಡುವ ರೈಟರ್ ನನ್ನ ಕಂಕುಳಿಗೆ ಕೈಕೊಟ್ಟು ಎತ್ತಬೇಕಾಯಿತು. ಆ ಸಂಕೋಚದಲ್ಲಿ ಮಾರನೆಯ ದಿನದಿಂದ ಇನ್ನೂ ಹೆಚ್ಚು ಹೊತ್ತು ಕುಳಿತೆ, ಏಳುವುದೇ ಬೇಡವೆಂದು! ಮೂರ್ಖತನಕ್ಕೂ ಒಂದು ಮಿತಿ ಇರಬೇಕು.

ಎಡಗಾಲಿನ ಸಲ ಫಿಸಿಯೋಥೆರಪಿಯವರು ಕಲಿಸಿದ್ದು ಒಂದೇ ಸಂಗತಿ: ನೀವು ಏಳುವ ಮೊದಲು ಕಾಲನ್ನು ಎಬ್ಬಿಸಿ. ಕುಳಿತಲ್ಲೇ ಪಾದವನ್ನು ಇಪ್ಪತ್ತು ಸಲ ಮೇಲಕ್ಕೂ ಕೆಳಕ್ಕೂ ಆಡಿಸಿ. ಆಮೇಲೆ ಕಾಲನ್ನು ಮುಂದಕ್ಕೆ ನೀಡಿ ಐದು ಎಣಿಸಿ. ಹಾಗೆಯೇ ಪಾದವನ್ನು ಕುರ್ಚಿಯ ಅಡಿಗೆ, ಎಳೆತ ಗೊತ್ತಾಗುವವರೆಗೆ ಜಾರಿಸಿಕೊಂಡು ಮತ್ತೆ ಐದು ಎಣಿಸಿ. ಹೀಗೆ ಹತ್ತು ಸಲ. ಪಾದದ ಕೆಳಗೆ ಹಳೆಯ ಬಟ್ಟೆ ಹಾಕಿಕೊಂಡರೆ ಸಲೀಸಾಗಿ ಜಾರುತ್ತದೆ. ಏಳುವ ಮೊದಲು ಆ ಬಟ್ಟೆ ತೆಗೆಯಬೇಕು. ನಾನು ಒಮ್ಮೆ ಮರೆತು ಮೇಜು ಹಿಡಿದು ಬಚಾವಾದೆ. ಆಮೇಲೆ ಕುರ್ಚಿಯ ಅಂಚಿಗೆ ಸರಿಯಿರಿ, ಎರಡೂ ಪಾದ ಊರಿ, ಕುರ್ಚಿಯ ಕೈ ಒತ್ತಿ ಏಳಿ. ಎದ್ದವರೇ ಹೊರಡಬೇಡಿ. ನಿಂತಲ್ಲೇ ಭಾರವನ್ನು ಆ ಕಾಲಿಗೂ ಈ ಕಾಲಿಗೂ ನಾಲ್ಕು ಸಲ ಬದಲಿಸಿ, ಆಮೇಲೆ ಮೊದಲ ಹೆಜ್ಜೆ. ನಿಮ್ಮ ಬಾತುಕೋಳಿ ಅಲ್ಲಿಗೆ ಅರ್ಧ ಕಡಿಮೆಯಾಗುತ್ತದೆ.

ಇನ್ನೊಂದು, ಅರ್ಧ ಗಂಟೆಗಿಂತ ಹೆಚ್ಚು ಒಂದೇ ಭಂಗಿಯಲ್ಲಿ ಕೂರಬೇಡಿ. ಗಡಿಯಾರ ನೋಡುವುದು ನನಗೆ ಬೇಸರ. ಮಡಿಕೇರಿ ಆಕಾಶವಾಣಿ ಹಾಕಿಕೊಂಡು, ನಾಲ್ಕು ಹಾಡು ಮುಗಿದರೆ ಏಳುವುದು ಎಂದು ಲೆಕ್ಕ ಇಟ್ಟಿದ್ದೆ. ಮಳೆಯಿದ್ದರೆ ಜಗಲಿಯ ಈ ತುದಿಯಿಂದ ಆ ತುದಿಗೆ ಮೂರು ಸುತ್ತು. ಪಾಚಿಯ ಅಂಗಳ ಖಂಡಿತ ಬೇಡ.

ಮಡಿಕೇರಿಯಿಂದ, ಅತ್ತೆಯವರನ್ನು ನೋಡಿಕೊಂಡವರು

ಟೀಚರ್, ನೀವು ಮಂಡಿಯ ಕೆಳಗೆ ದಿಂಬು ಇಡುತ್ತೀರಾ? ಇಡುತ್ತಿದ್ದರೆ ಇವತ್ತೇ ತೆಗೆಯಿರಿ. ನಮ್ಮ ಅತ್ತೆಗೆ ಹಾಯೆನಿಸುತ್ತದೆಂದು ನಾನೇ ಎರಡು ದಿಂಬು ಜೋಡಿಸಿ ಇಡುತ್ತಿದ್ದೆ. ಹಾಯಾಗಿಯೇ ಇತ್ತು, ಆದರೆ ಎರಡು ತಿಂಗಳಾದರೂ ಕಾಲು ನೇರವಾಗಲಿಲ್ಲ, ಕುಂಟುತ್ತಲೇ ಇದ್ದರು. ಬೈಸಿಕೊಂಡದ್ದು ನಾನು. ಮಂಡಿ ಮಡಚುವುದರ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಪೂರ್ತಿ ನೇರವಾಗುವುದೂ ಅಷ್ಟೇ ಮುಖ್ಯವಂತೆ. ಆಮೇಲೆ ಸುರುಳಿ ಸುತ್ತಿದ ಟವೆಲನ್ನು ಹಿಮ್ಮಡಿಯ ಕೆಳಗಿಟ್ಟು, ಮಂಡಿಯ ಕೆಳಗೆ ಖಾಲಿ ಬಿಟ್ಟು, ದಿನಕ್ಕೆ ಮೂರು ನಾಲ್ಕು ಸಲ ಐದೈದು ನಿಮಿಷ ಮಲಗಿಸಿದೆವು. ಅವರಿಗೆ ಅದು ಶಿಕ್ಷೆಯೆನಿಸುತ್ತಿತ್ತು. ಆದರೂ ಹದಕ್ಕೆ ಬಂದದ್ದು ಅದರಿಂದಲೇ.

ಮತ್ತೆ, ಒಲೆಯ ಮುಂದಿನ ಮಣೆ. ಮಳೆಗಾಲದಲ್ಲಿ ಬೆಂಕಿಯ ಹತ್ತಿರ ಕೂರಲು ಯಾರಿಗೆ ಆಸೆಯಿಲ್ಲ? ಅತ್ತೆ ನಮ್ಮ ಕಣ್ಣು ತಪ್ಪಿಸಿ ಅಲ್ಲಿ ಕುಳಿತು, ಏಳಲಾಗದೆ ಕೂಗುತ್ತಿದ್ದರು. ಕೊನೆಗೆ ಬಡಗಿಯನ್ನು ಕರೆಸಿ ಕೈ ಇರುವ ಒಂದು ಕುರ್ಚಿಯ ನಾಲ್ಕೂ ಕಾಲಿಗೆ ಮರದ ಅಡಿ ಕೊಡಿಸಿ ಎತ್ತರಿಸಿ, ಅದನ್ನೇ ಒಲೆಯ ಬಳಿ ಹಾಕಿದೆವು.

ಸೋಮವಾರಪೇಟೆಯಿಂದ

ಇಷ್ಟೆಲ್ಲ ಯಾಕೆ? ನಮ್ಮ ಕಡೆ ಒಬ್ಬರು ಎಣ್ಣೆ ಹಾಕಿ ತಿಕ್ಕಿ ಮಂಡಿಯನ್ನು ಒಂದೇ ಸಲ ಮಡಚಿ ಸರಿಮಾಡುತ್ತಾರೆ. ಬೇಕಿದ್ದರೆ ವಿಳಾಸ ಕೊಡುತ್ತೇನೆ.

ಗೋಣಿಕೊಪ್ಪಲು ಬಳಿಯಿಂದ

ದಯವಿಟ್ಟು ಕೊಡಬೇಡಿ.

ಕುಶಾಲನಗರದಿಂದ, ಫಿಸಿಯೋಥೆರಪಿ ಕೆಲಸದಲ್ಲಿರುವವರು

ಅವರಿಬ್ಬರ ಜಗಳದಲ್ಲಿ ನಾನು ಬೆಳೆಗಾರರ ಪಕ್ಷ. ಬಲವಂತವಾಗಿ ಮಡಚಿದರೆ ಒಳಗೆ ಹರಿದು ಇನ್ನಷ್ಟು ಬಾತುಕೊಳ್ಳುತ್ತದೆ, ಬಾತಷ್ಟೂ ಬಿಗಿಯುತ್ತದೆ. ಗಾಯ ಪೂರ್ತಿ ಮಾಗಿದ ಮೇಲೆ ವೈದ್ಯರನ್ನು ಕೇಳಿ ಕಲೆಯ ಮೇಲೆ ಬೆರಳಿನಿಂದ ಮೆಲ್ಲಗೆ ಎಣ್ಣೆ ಉಜ್ಜಿಕೊಳ್ಳುವುದು ಬೇರೆ ಮಾತು.

ಅಮ್ಮ, ಹನ್ನೊಂದನೆಯ ವಾರದಲ್ಲಿ ನೀವು ಹೇಳಿದಂಥ ಬಿಗಿತ ತೀರಾ ಸಾಮಾನ್ಯ. ಕುಳಿತಾಗ ಊತದ ನೀರು ಅಲ್ಲೇ ನಿಲ್ಲುತ್ತದೆ, ಹೊಸದಾಗಿ ಕೂಡಿದ ಅಂಗಾಂಶ ಆ ಭಂಗಿಗೇ ಹೊಂದಿಕೊಳ್ಳುತ್ತದೆ, ತೊಡೆಯ ಮುಂಭಾಗದ ಸ್ನಾಯು ಇನ್ನೂ ದುರ್ಬಲ. ನಾಲ್ಕು ಹೆಜ್ಜೆಗೆ ಸಡಿಲವಾಗುವುದು ಒಳ್ಳೆಯ ಲಕ್ಷಣ. ಬಹಳ ಮಂದಿಗೆ ಮೂರು ತಿಂಗಳ ಹೊತ್ತಿಗೆ ಗಣನೀಯವಾಗಿ ಕಡಿಮೆಯಾಗಿ, ಉಳಿದದ್ದು ಆರು ತಿಂಗಳಿಂದ ಒಂದು ವರ್ಷದವರೆಗೆ ನಿಧಾನವಾಗಿ ಕರಗುತ್ತದೆ. ಮಂಡಿ ಮುಟ್ಟಿದರೆ ಸ್ವಲ್ಪ ಬೆಚ್ಚಗಿರುವುದು, ನಡೆಯುವಾಗ ಟಕ್ ಎನ್ನುವುದು, ಕಲೆಯ ಹೊರಬದಿ ಜೋಮು ಹಿಡಿದಂತಿರುವುದು ಇವೆಲ್ಲ ಎಷ್ಟೋ ಜನರಿಗೆ ಇರುತ್ತವೆ.

ಎಷ್ಟು ಮಡಚುತ್ತದೆ ಎಂದು ಒಮ್ಮೆ ಅಳೆಸಿಕೊಳ್ಳಿ. ಸಮತಟ್ಟಿನಲ್ಲಿ ನಡೆಯಲು ಸುಮಾರು 65 ಡಿಗ್ರಿ ಸಾಕು, ಮೆಟ್ಟಿಲಿಳಿಯಲು, ಕುರ್ಚಿಯಿಂದ ಸರಾಗವಾಗಿ ಏಳಲು 90ಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಈ ಹೊತ್ತಿಗೂ 90 ದಾಟದಿದ್ದರೆ 'ಮಳೆ ಕಳೆಯಲಿ' ಎಂದು ಕಾಯಬೇಡಿ, ಆಪರೇಷನ್ ಮಾಡಿದವರಿಗೆ ತೋರಿಸಿ. ಅರಿವಳಿಕೆ ಕೊಟ್ಟು ಅವರೇ ಮಂಡಿ ಮಡಚಿ ಬಿಡಿಸುವ ವಿಧಾನವಿದೆ, ಅದು ಮೊದಲ ಕೆಲವು ತಿಂಗಳಲ್ಲಿ ಮಾಡಿದರೆ ಚೆನ್ನಾಗಿ ಫಲಿಸುತ್ತದೆ.

ಮನೆಯಲ್ಲಿ ಊತ ಇರುವವರೆಗೆ ಐಸ್: ಬಟ್ಟೆ ಸುತ್ತಿ 15ರಿಂದ 20 ನಿಮಿಷ, ವ್ಯಾಯಾಮದ ನಂತರ. ಕೊಡಗಿನ ಮಳೆಯಲ್ಲಿ ಐಸ್ ಇಡಿ ಎಂದರೆ ಎಲ್ಲರೂ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ಬಿಸಿನೀರಿನ ಚೀಲ ಇಡುವವರೇ ಹೆಚ್ಚು. ಜೋಮು ಹಿಡಿದ ಜಾಗದಲ್ಲಿ ಬಿಸಿ ತಿಳಿಯುವುದಿಲ್ಲ, ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು. ಥಂಡಿಗೆ ಬೇಕಿರುವುದು ಉಣ್ಣೆಯ ಸಡಿಲ ಹೊದಿಕೆ. ವ್ಯಾಯಾಮವೂ ಅಷ್ಟೇ, ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಹಾಗೆ ಮಾಡಬೇಡಿ. ರಾತ್ರಿ ಮಂಡಿ ಬಾತು ನಿದ್ದೆ ಕೆಟ್ಟರೆ ಹಗಲು ಹೆಚ್ಚಾಯಿತೆಂದು ಅರ್ಥ.

ಮೀನಖಂಡ ನೋಯುವುದು, ಬಾತು ಕೆಂಪಾಗುವುದು, ಜ್ವರ, ಗಾಯದಿಂದ ಒಸರುವುದು, ಇದ್ದಕ್ಕಿದ್ದಂತೆ ಕಾಲೂರಲು ಆಗದಿರುವುದು ಬಿಗಿತದ ಲೆಕ್ಕಕ್ಕೆ ಬರುವುದಿಲ್ಲ. ಅಂದೇ ವೈದ್ಯರ ಬಳಿ ಹೋಗಿ. ಎದೆನೋವು, ಉಸಿರು ಕಟ್ಟಿದರೆ ನೇರ ಆಸ್ಪತ್ರೆಗೆ.

ವಿರಾಜಪೇಟೆಯಿಂದ, ಕಳೆದ ವರ್ಷ ಮಂಡಿ ಬದಲಾದವರು

ನನ್ನದು ಬಸ್ಸಿನ ಅನುಭವ. ನಮ್ಮ ಜಿಲ್ಲೆಗೆ ರೈಲಿಲ್ಲ, ತಪಾಸಣೆಗೆ ಮೈಸೂರಿಗೆ ಬಸ್ಸೇ ಗತಿ. ನಿಮ್ಮದು ಎಡಗಾಲು ತಾನೆ? ಬಲಬದಿಯ ಸಾಲಿನಲ್ಲಿ, ಓಡಾಡುವ ಜಾಗದ ಪಕ್ಕದ ಸೀಟು ಹಿಡಿಯಿರಿ. ಆಗ ಎಡಗಾಲನ್ನು ಹೊರಗೆ ಚಾಚಬಹುದು. ಕಂಡಕ್ಟರಿಗೆ ಮೊದಲೇ ಹೇಳಿಬಿಡಿ, ಇಲ್ಲವಾದರೆ ಯಾರಾದರೂ ಎಡವುತ್ತಾರೆ. ಹುಣಸೂರಿನಲ್ಲಿ ನಿಂತಾಗ ಕಾಫಿ ಬೇಡದಿದ್ದರೂ ಇಳಿಯಿರಿ.

ಇನ್ನೊಂದನ್ನು ನಗಬಾರದೆಂಬ ಷರತ್ತಿನ ಮೇಲೆ ಹೇಳುತ್ತೇನೆ. ನನಗೆ ಆಪರೇಷನ್ ಆದದ್ದು ಜುಲೈಯಲ್ಲಿ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಕೊಟ್ಟು, ಮೂತ್ರದಲ್ಲಿ ರಕ್ತ ಕಂಡರೆ ಕೂಡಲೇ ಫೋನ್ ಮಾಡಿ ಎಂದಿದ್ದರು. ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ 18ನೆಯ ದಿನ. ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ. ಎರಡು ಬಟ್ಟಲು ಹೊಡೆದೆ. ಮಾರನೆಯ ಬೆಳಿಗ್ಗೆ ಕೆಂಪು! ಆ ಸೊಪ್ಪು ತಿಂದರೆ ಮೂತ್ರ ಕೆಂಪಾಗುವುದು ವರ್ಷವೂ ಆಗುವುದೇ, ಎಲ್ಲರಿಗೂ ಗೊತ್ತಿರುವುದೇ, ಆದರೆ ಆ ಗಳಿಗೆಯಲ್ಲಿ ನೆನಪಾಗಬೇಕಲ್ಲ. ಆಸ್ಪತ್ರೆಗೆ ಫೋನ್ ಹಚ್ಚಿದ ಮೇಲೆ ಹೆಂಡತಿ ಅಡುಗೆಮನೆಯಿಂದ ಕೂಗಿ ಹೇಳಿದಳು. ಹಾಗೆಂದು ಆ ಮಾತ್ರೆ ತೆಗೆದುಕೊಳ್ಳುವವರು ಕೆಂಪು ಕಂಡರೆಲ್ಲ ಸೊಪ್ಪಿನ ಮೇಲೆ ಹಾಕಬೇಡಿ, ಕೇಳಿಯೇ ಬಿಡಿ. ತೋಟಕ್ಕೂ ಆ ಮಾತ್ರೆ ಮುಗಿಯುವವರೆಗೆ ಇಳಿಯಬೇಡಿ. ಜಿಗಣೆ ಕಚ್ಚಿದರೆ ರಕ್ತ ಮೊದಲೇ ಬೇಗ ನಿಲ್ಲದು.

ನಾಪೋಕ್ಲಿನಿಂದ, ನಿವೃತ್ತ ಶಿಕ್ಷಕಿ

ಎಲ್ಲರಿಗೂ ವಂದನೆ. ನಗಬಾರದೆಂದಿರಿ, ನಕ್ಕೆ. ದಿಂಬು ಇತ್ತು, ತೆಗೆದೆ. ನಾಲ್ಕು ದಿನದಿಂದ ಏಳುವ ಮೊದಲು ಪಾದ ಜಾರಿಸುತ್ತಿದ್ದೇನೆ. ಧಾರಾವಾಹಿಯಲ್ಲಿ ಜಾಹೀರಾತು ಬಂದಾಗಲೆಲ್ಲ ಏಳುವುದೆಂದು ಮಾಡಿಕೊಂಡಿದ್ದೇನೆ, ಜಾಹೀರಾತಿಗೇನು ಬರವಿಲ್ಲ. ಐದು ಹೆಜ್ಜೆಯ ಕುಂಟು ಎರಡಕ್ಕೆ ಇಳಿದಿದೆ, ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಮಾತ್ರ ಹಾಗೆಯೇ ಇದೆ. ಮುಂದಿನ ವಾರ ಮೈಸೂರಿಗೆ ಹೋದಾಗ ಡಿಗ್ರಿ ಅಳೆಸುತ್ತೇನೆ. ಮಡಿಕೇರಿಯವರೇ, ನಾಳೆ ಬಡಗಿ ಬರುತ್ತಾನೆ. ಕುರ್ಚಿ 15 ಅಂಗುಲವಿದೆ. ಎಷ್ಟು ಎತ್ತರಿಸಲಿ?

ಮಡಿಕೇರಿಯಿಂದ

ಚಪ್ಪಲಿ ಹಾಕಿ ನಿಂತು, ನೆಲದಿಂದ ಮಂಡಿಯ ಹಿಂದಿನ ಮಡಿಕೆಯವರೆಗೆ ಅಳೆಯಿರಿ. ಕೂರುವ ಜಾಗ ಅದಕ್ಕಿಂತ ಎರಡು ಅಂಗುಲ ಮೇಲಿರಲಿ, ಮೆತ್ತೆ ಹಾಕುವುದಾದರೆ ಅದು ಕುಸಿಯುವಷ್ಟನ್ನೂ ಸೇರಿಸಿ. ಅಡಿಮರದ ನಡುವೆ ಕುಳಿ ತೋಡಲು ಹೇಳಿ, ಕುರ್ಚಿಯ ಕಾಲು ಅದರೊಳಗೆ ಕೂರಬೇಕು. ನಮ್ಮವನು ಮೊದಲ ಸಲ ಚಪ್ಪಟೆ ತುಂಡು ಕೊಟ್ಟು ಹೋಗಿದ್ದ, ಕುರ್ಚಿ ಮಾರನೆಯ ದಿನವೇ ಜಾರಿತು. ಪುಣ್ಯಕ್ಕೆ ಆಗ ಅದರಲ್ಲಿ ಬೆಕ್ಕು ಕುಳಿತಿತ್ತು.